ಹಿರಿಯರಿಗೆ ಮುಂದಿನ ಸೀಟು

ಅನಿಪಾ ಟ್ಯಾಕ್ಸಿ ಓಡಿಸಲು ಶುರುಮಾಡುವ ಮೊದಲು ಒಂದೇ ಬೆಳಿಗ್ಗೆ ಹನ್ನೊಂದು ಸಲ ಸತ್ತಿದ್ದಳು. ಕೊಂದವನು ಅವಳ ಸೋದರಮಾವ ಜಪಾರ್. ಆಯುಧ, ಅಡುಗೆಮನೆಯ ಮರದ ಸೌಟು.

ಇದು ಐದು ವರ್ಷದ ಹಿಂದಿನ ಮಾತು. ಕಾಯಿಲೆಯಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಹಳೆಯ ಜಪಾನಿ ಕಾರು ನಾರಿನ್ ಪಟ್ಟಣದ ಅವಳ ಅಂಗಳದಲ್ಲಿ ಒಂದು ಚಳಿಗಾಲವಿಡೀ ಹಿಮ ಹೊತ್ತುಕೊಂಡು ನಿಂತಿತ್ತು. ಶಿಶುವಿಹಾರದ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಸೂಪು ಕುದಿಸಿ ಸಾಕಾಗಿದ್ದ ಅನಿಪಾ, ಇನ್ನು ಮೇಲೆ ನಾರಿನ್‌ಗೂ ರಾಜಧಾನಿ ಬಿಷ್ಕೆಕ್‌ಗೂ ನಡುವೆ ಸೀಟು ಲೆಕ್ಕದಲ್ಲಿ ಜನರನ್ನು ಒಯ್ಯುತ್ತೇನೆ ಎಂದಳು. ಬೀದಿಯ ಹೆಂಗಸರು ಮೂಗು ಮುರಿದರು. ಗಂಡನ ತಮ್ಮಂದಿರು ಕಾರು ಮಾರಿಬಿಡು ಎಂದು ದುಂಬಾಲು ಬಿದ್ದರು; ಕೊಳ್ಳುವವರೂ ಅವರೇ ಆಗಿದ್ದರಿಂದ ಆ ಬುದ್ಧಿವಾದಕ್ಕೆ ಅನಿಪಾ ಹೆಚ್ಚು ಬೆಲೆ ಕೊಡಲಿಲ್ಲ. ಜಪಾರ್ ಮಾತ್ರ ಮರುದಿನ ಸೌಟು ಹಿಡಿದುಕೊಂಡು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತ.

ಅವನಿಗೆ ಆ ವಿದ್ಯೆ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಅದೇ ದಾರಿಯಲ್ಲಿ, ಒಬ್ಬ ಗೆಳೆಯನ ಜೊತೆ ಡ್ರೈವರುಗಳನ್ನು ದೋಚಿ, ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು. ಆಗ ಹೊಟ್ಟೆಗಿಲ್ಲದ ಕಾಲವಾಗಿತ್ತು ಎಂದು ಅವನ ವಯಸ್ಸಿನವರು ಹೇಳುತ್ತಾರೆ. ಹೊಟ್ಟೆಗಿಲ್ಲದವರೆಲ್ಲ ಚಾಕು ಹಿಡಿಯಲಿಲ್ಲ ಎನ್ನುವುದೂ ಅಷ್ಟೇ ನಿಜ, ಮತ್ತು ಇದನ್ನು ಜಪಾರ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಅವನ ಗಡ್ಡ ಪೂರಾ ಬೆಳ್ಳಗಾಗಿದೆ. ಆದರೂ ಮದುವೆ ಮನೆಯಲ್ಲಿ ಅವನನ್ನು ಹಿರಿಯರು ಕೂರುವ ಒಳಗಿನ ಗೌರವದ ಜಾಗಕ್ಕೆ ಕರೆಯುವವರಿಲ್ಲ. ಬಾಗಿಲ ಬಳಿ, ಬಿಟ್ಟ ಬೂಟುಗಳ ಪಕ್ಕ ಕೂತು, ಕೊನೆಗೆ ಬಂದ ಬಟ್ಟಲು ಚಹಾ ಕುಡಿದು ಎದ್ದು ಬರುತ್ತಾನೆ.

"ಸತ್ತೆ," ಅಂದ ಜಪಾರ್, ಸೌಟನ್ನು ಹಿಂದಿನಿಂದ ಅವಳ ಕತ್ತಿಗೆ ಒತ್ತಿ. "ಮತ್ತೆ ಮೊದಲಿಂದ."

"ಮಾವ, ನಾನಿನ್ನೂ ಗೇರೇ ಹಾಕಿಲ್ಲ!"

"ಗೇರ್ ಹಾಕೋ ತನಕ ಕಾಯಕ್ಕೆ ಅವನೇನು ನಿನ್ನ ಮದುವೆಗೆ ಬಂದಿರೋ ನೆಂಟನಾ?"

ಬೇಲಿಯಾಚೆ ಪಕ್ಕದ ಮನೆಯವಳು ಬಕೆಟ್ ಹಿಡಿದು ನಿಂತು, ಮುದುಕನಿಗೆ ತಲೆ ಕೆಟ್ಟಿದೆಯೋ ವಿಧವೆಗೆ ಕೆಟ್ಟಿದೆಯೋ ಎಂದು ತೀರ್ಮಾನಿಸಲಾಗದೆ ನೋಡುತ್ತಿದ್ದಳು.

ಪಾಠ ಮೂರು ದಿನ ನಡೆಯಿತು. ಜಪಾರ್ ಮಾತನಾಡುತ್ತಿದ್ದುದು ಕುರಿಯ ಉಣ್ಣೆ ಕತ್ತರಿಸುವುದನ್ನು ಹೇಳಿಕೊಡುವವನ ಹಾಗೆ, ಏರಿಳಿತವಿಲ್ಲದೆ.

"ಕಳ್ಳ ಕಾರು ನೋಡಲ್ಲ ಕಣೆ, ನಿನ್ನನ್ನ ನೋಡ್ತಾನೆ. ಇವಳ ಬಾಯಲ್ಲಿ 'ಆಗಲ್ಲ' ಅನ್ನೋ ಮಾತು ಬರತ್ತಾ ಇಲ್ವಾ? ಅವನಿಗೆ ಬೇಕಾಗಿರೋದು ಅಷ್ಟೇ. ಅದಕ್ಕೇ ಮೊದಲು ಸಣ್ಣ ಸಣ್ಣದು ಕೇಳ್ತಾನೆ. ಕಿಟಕಿ ಹಾಕು, ಹಾಡು ನಿಲ್ಲಿಸು. ನೀನು ಹೂಂ ಅಂತಾ ಹೋದಷ್ಟೂ ಅವನಿಗೆ ಧೈರ್ಯ."

"ಕೆಟ್ಟ ಮುಖ ಇದ್ರೆ ನಂಗೆ ಗೊತ್ತಾಗಲ್ವಾ?"

"ಕೆಟ್ಟ ಮುಖ ಇರೋನು ಈ ಕಸುಬಿಗೆ ಬರಲ್ಲ. ನನ್ನ ಮುಖ ನೋಡು. ಹುಡುಗನಾಗಿದ್ದಾಗ ಇನ್ನೂ ಚೆನ್ನಾಗಿತ್ತು."

ಅನಿಪಾ ನಕ್ಕಳು. ಅವನು ನಗಲಿಲ್ಲ.

"ಮಾತಾಡ್ತಾ ಇದ್ದೋನು ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರೆ ಹುಷಾರು. ಅವನಿಗೂ ಭಯ ಇರತ್ತೆ, ಗಂಟಲು ಒಣಗತ್ತೆ. ಆಮೇಲೆ ಜಾಗ ಅವನೇ ಹೇಳ್ತಾನೆ, ಇಲ್ಲಿ ತಿರುಗ್ಸು, ಅಲ್ಲಿ ನಿಲ್ಸು ಅಂತ. ಅವನು ಹೇಳಿದ ಜಾಗಕ್ಕೆ ಮಾತ್ರ ಹೋಗ್ಬೇಡ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಲೂಬೇಡ, ಅಲ್ಲೇ ಚಾಕು ತೆಗೀತಾನೆ. ಹೂಂ ಅನ್ನು, ಆದ್ರೆ ನಿಲ್ಸೋದು ನಿನ್ನ ಜಾಗದಲ್ಲಿ, ಜನ ಇರೋ ಕಡೆ. ನಿಲ್ಲಿಸಿದ್ಮೇಲೆ ಇಳಿದು ಓಡು. ಬೀಗದ ಕೈ ಕೇಳಿದ್ರೆ ಒಂದು ಕಡೆ ಎಸೆದು ಇನ್ನೊಂದು ಕಡೆ ಓಡು. ಹೊಡೆದಾಡಿ ಗೆಲ್ತೀನಿ ಅನ್ನೋ ಆಸೆ ಬಿಡು. ಅವನು ತಿಂಗಳಿಂದ ಯೋಚನೆ ಮಾಡಿರ್ತಾನೆ, ನಿಂಗೆ ಆಗ ತಾನೇ ಗೊತ್ತಾಗಿರತ್ತೆ. ಕಾರು ತಗಡು. ಇನ್ನೊಂದು ಸಿಗತ್ತೆ."

ಮೂರನೆಯ ದಿನ ಯಾರನ್ನು ಎಲ್ಲಿ ಕೂರಿಸಬೇಕು ಎನ್ನುವುದು ಬಂತು. ಬೆನ್ನ ಹಿಂದೆ ಹೆಂಗಸರು, ಮಕ್ಕಳು. ಗಟ್ಟಿಮುಟ್ಟಾದ ಗಂಡಸಿದ್ದರೆ ಅವನು ಮುಂದೆ, ಕೈ ಕಣ್ಣಿಗೆ ಕಾಣುವ ಹಾಗೆ.

"ಹಿರಿಯರು ಯಾರಾದ್ರೂ ಬಂದ್ರೆ?" ಅನಿಪಾ ಕೇಳಿದಳು. "ಅವರಿಗೆ ಮುಂದಿನ ಸೀಟು ಬಿಟ್ಟುಕೊಡದೆ ಇರಕ್ಕಾಗತ್ತಾ?"

ಜಪಾರ್ ತುಟಿಯೊಳಗಿನ ಹೊಗೆಸೊಪ್ಪನ್ನು ಉಗಿದು ಕಾರಿನಿಂದ ಇಳಿದ. "ಸೌಟು ನಿಮ್ಮತ್ತೆಗೆ ಬೇಕಂತೆ," ಅಂದ. "ಪಾಠ ಮುಗೀತು."

ಅನಿಪಾ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮಾವ ತಾನೂ ಯಾವತ್ತೂ ಮುಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಮಂಡಿನೋವು, ಹಿಂದೆ ಅಡ್ಡಡ್ಡ ಕಾಲು ಚಾಚಬಹುದು ಅನ್ನುತ್ತಿದ್ದ. ಅವನ ಅಪ್ಪ, ಅಂದರೆ ಅವಳ ತಾಯಿಯ ತಂದೆ, ಕೊನೆಗಾಲದಲ್ಲಿ ಯಾವ ಕಾರನ್ನೂ ಹತ್ತದೆ ಆಸ್ಪತ್ರೆಗೂ ಕುದುರೆಯ ಮೇಲೇ ಹೋದ ಮನುಷ್ಯ. ಆ ಮನೆಯ ಗಂಡಸರಿಗೆ ಕೂರುವುದರಲ್ಲೇ ಏನೋ ಹುಚ್ಚು ಎಂದು ಎಲ್ಲರೂ ನಗುತ್ತಿದ್ದರು.

ಐದು ವರ್ಷ ಏನೂ ಆಗಲಿಲ್ಲ. ಕುಡಿದವರು ಬಂದರು, ವಾಂತಿ ಮಾಡಿಕೊಂಡವರು ಬಂದರು, ಒಬ್ಬಳು ಘಾಟಿಯ ಮೇಲೆ ಹೆರಿಗೆ ನೋವು ಶುರುಮಾಡಿಕೊಂಡಳು. ಮಾವನ ಪಾಠ ನಡೆಸಿಕೊಂಡು ಬಂದ ಅನಿಪಾ, ಅನುಮಾನ ಬಂದ ಒಬ್ಬಿಬ್ಬರನ್ನು ನಿಲ್ದಾಣದಲ್ಲೇ ಬಿಟ್ಟು ಬಂದದ್ದೂ ಉಂಟು.

ಆಮೇಲೆ ಈ ಅಕ್ಟೋಬರ್ ಬಂತು.

ಬಿಷ್ಕೆಕ್‌ನ ಪಶ್ಚಿಮ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಯುವಕರು ಬಂದರು. ಒಬ್ಬ ದಪ್ಪಗೆ, ಕರಿ ಜಾಕೆಟ್ ಹಾಕಿದವನು. ಇನ್ನೊಬ್ಬ ತೆಳ್ಳಗೆ, ನಗುಮುಖದವನು. ಇಬ್ಬರೇ ಬಂದಿದ್ದರೆ ಅನಿಪಾ ಸೀಟೆಲ್ಲ ಆಗಿದೆ ಎಂದುಬಿಡುತ್ತಿದ್ದಳು. ಆದರೆ ಅವರ ನಡುವೆ ಒಬ್ಬ ಮುದುಕ ಇದ್ದ. ಬಿಳಿ ಕಂಬಳಿಟೊಪ್ಪಿ, ಎದೆ ತನಕ ಬಿಳಿ ಗಡ್ಡ, ಎಡಗಣ್ಣಿಗೆ ಹತ್ತಿಯ ಪಟ್ಟಿ. ಇಬ್ಬರೂ ಒಂದೊಂದು ತೋಳು ಹಿಡಿದಿದ್ದರು.

"ಅಕ್ಕಾ, ನಾರಿನ್‌ಗೆ ತಾನೆ?" ತೆಳ್ಳಗಿನವನು ಕೇಳಿದ. "ತಾತಂಗೆ ಕಣ್ಣು ಆಪರೇಶನ್ ಆಗಿದೆ. ಬೇಗ ಮನೆ ಸೇರಿಸ್ಬೇಕು. ಖಾಲಿ ಸೀಟಿನ ದುಡ್ಡೂ ನಾವೇ ಕೊಡ್ತೀವಿ, ಈಗಲೇ ಹೊರಡೋಣ."

ಖಾಲಿ ಸೀಟಿಗೆ ಯಾರು ಸುಮ್ಮನೆ ದುಡ್ಡು ಕೊಡುತ್ತಾರೆ ಎಂದು ಅವಳ ತಲೆಯೊಳಗೆ ಜಪಾರ್ ಗೊಣಗಿದ. ಅಜ್ಜನನ್ನು ಆಸ್ಪತ್ರೆಗೆ ಕರೆತಂದು ಮನೆಗೆ ಒಯ್ಯುವ ಮೊಮ್ಮಕ್ಕಳು ಕೊಡುತ್ತಾರೆ, ಸುಮ್ಮನಿರು ಮಾವ, ಎಂದು ಅನಿಪಾ ಅವನ ಬಾಯಿ ಮುಚ್ಚಿಸಿದಳು.

ಹೀಗೆ ಮುದುಕ ಮುಂದೆ ಕೂತ. ಬೇರೆಲ್ಲಿ ಕೂರುತ್ತಾನೆ? ಇಡೀ ದೇಶದಲ್ಲಿ ಬಿಳಿ ಗಡ್ಡವನ್ನು ಹಿಂದೆ ಕೂರಿಸಿ ಹುಡುಗನನ್ನು ಮುಂದೆ ಕೂರಿಸುವ ಡ್ರೈವರ್ ಒಬ್ಬನೂ ಇಲ್ಲ; ಇದ್ದರೆ ಮರುದಿನವೇ ಅವನ ಹೆಸರು ಬಜಾರಿನಲ್ಲೆಲ್ಲ ಹಾಳಾಗಿರುತ್ತದೆ. ಅನಿಪಾಳೇ ಸೀಟ್‌ಬೆಲ್ಟು ಎಳೆದು ಹಾಕಿದಳು, ಮಂಡಿಗೆ ಶಾಲು ಹೊದಿಸಿದಳು. ಕರಿ ಜಾಕೆಟ್‌ನವನು ಮುದುಕನ ಹಿಂದೆ ಕೂತ. ತೆಳ್ಳಗಿನವನು ಸರಿಯಾಗಿ ಅವಳ ಬೆನ್ನ ಹಿಂದೆ.

"ದೇವರು ನಿಂಗೆ ಒಳ್ಳೇದು ಮಾಡ್ಲಿ ಮಗಳೇ," ಅಂದ ಮುದುಕ. ಊರ ಹೊರಗೆ ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ತೆಳ್ಳಗಿನವನು ಬಲು ಮಾತುಗಾರ. ಹವಾಮಾನ, ಪೆಟ್ರೋಲು, ಅವಳಿಗೆ ಮಕ್ಕಳೆಷ್ಟು, ಮನೆಯಲ್ಲಿ ಯಾರು ಕಾಯುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ, "ಅಕ್ಕಾ, ಹಾಡು ನಿಲ್ಲಿಸ್ತೀರಾ? ತಾತ ಮಲಗಿದ್ದಾರೆ," ಅಂದ. ನಿಲ್ಲಿಸಿದಳು. "ಕಿಟಕಿ ಏರಿಸ್ತೀರಾ? ತಾತನ ಕಣ್ಣಿಗೆ ಗಾಳಿ." ಏರಿಸಿದಳು. ತೊಕ್ಮೋಕ್ ದಾಟಿದ ಮೇಲೆ ರಸ್ತೆಬದಿಯಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. ಅನಿಪಾಳ ಕಾಲು ಬ್ರೇಕಿನತ್ತ ಹೋಯಿತು.

"ಬೇಡ ಅಕ್ಕಾ, ಮಗು ಅತ್ತರೆ ತಾತಂಗೆ ನಿದ್ದೆ ಕೆಡತ್ತೆ. ಸೀಟಿಗೆ ನಾವೇ ಕೊಟ್ಟಿದ್ದೀವಲ್ಲ."

ಹೌದು, ಕೊಟ್ಟಿದ್ದರು. ಅವಳು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಆ ಹೆಂಗಸು ಚಿಕ್ಕದಾಗುತ್ತಾ ಹೋದಳು.

ಬೋಮ್ ಕಮರಿಯ ತಿರುವುಗಳಲ್ಲಿ ಅವನು ಇನ್ನೊಂದು ಕೇಳಿದ. "ಅಕ್ಕಾ, ನಂಗೆ ತಿರುವಿನಲ್ಲಿ ಹೊಟ್ಟೆ ತೊಳಸತ್ತೆ. ಮುಂದಿನ ದಾರಿ ಕಾಣ್ತಾ ಇದ್ರೆ ಸರಿಯಾಗತ್ತೆ. ನಿಮ್ಮ ಸೀಟಿನ ತಲೆದಿಂಬು ತೆಗೀಲಾ? ಇಳಿಯೋವಾಗ ಹಾಕಿಕೊಡ್ತೀನಿ."

ವಾಂತಿ ತೊಳೆದು ಗೊತ್ತಿದ್ದವಳು ಅನಿಪಾ. "ತೆಗಿಯಪ್ಪಾ," ಅಂದಳು. ಅವನು ತಲೆದಿಂಬನ್ನು ಕಿತ್ತು ಪಕ್ಕಕ್ಕಿಟ್ಟ. ಕತ್ತಿನ ಹಿಂದೆ ಬಯಲಾದ ಹಾಗಾಗಿ ಅವಳು ಸ್ಕಾರ್ಫನ್ನು ಸ್ವಲ್ಪ ಮೇಲಕ್ಕೆಳೆದುಕೊಂಡಳು. ಚಳಿ ಎಂದುಕೊಂಡಳು.

ಕೊಚ್ಕೋರ್ ಪಟ್ಟಣ ದಾಟಿದ ಮೇಲೆ ಮುದುಕ ಎಚ್ಚರಗೊಂಡ. ಒಳ್ಳೆಯ ನಿದ್ದೆ ಮಾಡಿ ಎದ್ದ ಮುದುಕರ ಹಾಗೆ ಲವಲವಿಕೆಯಿಂದ ಚೀಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ದುಂಡು ರೊಟ್ಟಿ ತೆಗೆದು ನಾಲ್ಕು ಪಾಲು ಮಾಡಿದ. ಒಂದು ಚೂರು ಅನಿಪಾಳ ಕೈಗೆ, ಎರಡು ಹಿಂದಕ್ಕೆ. ಅವಳು ಒಂದು ತುಣುಕು ಬಾಯಿಗೆ ಹಾಕಿಕೊಂಡಳು. ತಿಂದಾದ ಮೇಲೆ ಮುದುಕ ಅಂಗೈ ತೆರೆದು ಹರಸಲು ಶುರುಮಾಡಿದ. ದಾರಿ ಬೆಳ್ಳಗಿರಲಿ, ಗಾಡಿ ಗಟ್ಟಿಯಿರಲಿ, ಮಗಳ ಕೈ ನಡುಗದಿರಲಿ. ಅನಿಪಾ ಸ್ಟೀರಿಂಗಿನಿಂದ ಒಂದು ಕೈ ತೆಗೆದು, ಮುದುಕ ಮುಖ ಸವರಿಕೊಂಡಾಗ ತಾನೂ ಸವರಿಕೊಂಡಳು. ಅಭ್ಯಾಸಬಲದಿಂದ ಕನ್ನಡಿ ನೋಡಿದಳು.

ಹಿಂದೆ ಇಬ್ಬರೂ ಕೈ ತೆರೆದಿರಲಿಲ್ಲ. ರೊಟ್ಟಿಯ ಚೂರುಗಳು ಸೀಟಿನ ಮೇಲೆ, ಬೂಟಿನ ಪಕ್ಕ, ಬೋರಲು ಬಿದ್ದಿದ್ದವು, ಯಾವ ಹಿರಿಯರು ಕಂಡರೂ ಬೈಯುವ ಹಾಗೆ. ಕರಿ ಜಾಕೆಟ್‌ನವನು ನೀರಿನ ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದ. ಮಾತುಗಾರ ಸುಮ್ಮನಾಗಿ ಎಷ್ಟು ಹೊತ್ತಾಯಿತೋ ಅವಳಿಗೆ ನೆನಪಾಗಲಿಲ್ಲ.

ಈಗಿನ ಹುಡುಗರು, ಎಂದು ಒಂದು ಕ್ಷಣ ಅಂದುಕೊಂಡಳು. ಅಷ್ಟರಲ್ಲಿ ಮುದುಕ ಕತ್ತು ತಿರುಗಿಸಲಾರದೆ, ಮುಂದೆ ನೋಡುತ್ತಲೇ ಹಿಂದಿನವರಿಗೆ ಕೇಳಿದ.

"ಅಲ್ಲ ಮಕ್ಕಳೇ, ನಿಲ್ದಾಣದ ಗದ್ದಲದಲ್ಲಿ ಕೇಳೋದೇ ಮರೆತೆ. ನಾನು ಎಸೆನ್‌ಕುಲ್, ಅಟ್ಬಾಶಿ ಕಡೆಯವನು. ನೀವು ಯಾರ ಮಕ್ಕಳು? ಟ್ಯಾಕ್ಸಿ ದುಡ್ಡು ಬೇರೆ ಕೊಟ್ರಿ, ನಿಮ್ಮ ಅಪ್ಪ ಅಮ್ಮನ ಹೆಸರು ಹಿಡಿದು ಹರಸೋದು ಬೇಡ್ವಾ? ಎಲ್ಲಿ, ಏಳು ತಲೆಮಾರಿನ ಹೆಸರು ಹೇಳಿ ನೋಡೋಣ!"

ಹಿಂದಿನಿಂದ ಒಂದು ಹೆಸರೂ ಬರಲಿಲ್ಲ.

ಬಿಳಿ ಗಡ್ಡದವರನ್ನೆಲ್ಲ ಎಲ್ಲರೂ ತಾತ ಎಂದೇ ಕರೆಯುತ್ತಾರೆ. ಅವರೂ ಎಲ್ಲರನ್ನೂ ಮಕ್ಕಳೇ ಎನ್ನುತ್ತಾರೆ. ಇಷ್ಟು ದೂರ ಅನಿಪಾ ಬಂದದ್ದು ಆ ಒಂದು ಕರೆಯನ್ನು ನಂಬಿ. ಈ ಮುದುಕ ಆ ಹುಡುಗರಿಗೆ ಏನೂ ಅಲ್ಲ. ನಿಲ್ದಾಣದಲ್ಲಿ ಸಿಕ್ಕ ಮುದುಕ. ಅವಳ ಕಾರಿನ ಬಾಗಿಲು ತೆರೆಯಲು ತಂದ ಮುದುಕ.

"ಸುಮ್ನೆ ಮಲ್ಕೊ ತಾತ," ಅಂದ ಕರಿ ಜಾಕೆಟ್‌ನವನು. ಬೆಳಿಗ್ಗೆಯಿಂದ ಅವನಾಡಿದ ಮೊದಲ ಮಾತು ಅದು. ಯಾವ ಮೊಮ್ಮಗನೂ, ಯಾವ ಹೊರಗಿನವನೂ, ಬಿಳಿ ಗಡ್ಡಕ್ಕೆ ಆ ದನಿಯಲ್ಲಿ ಮಾತಾಡುವುದಿಲ್ಲ.

ತೆಳ್ಳಗಿನವನು ಮುಂದಕ್ಕೆ ಬಗ್ಗಿದ. ಅವನ ಉಸಿರು ಅವಳ ಕಿವಿಗೆ ತಾಗಿತು. "ಅಕ್ಕಾ, ಸಾರಿಬುಲಾಕಲ್ಲಿ ನಿಲ್ಸೋದು ಬೇಡ, ನಮಗೆ ಹಸಿವಿಲ್ಲ. ಅದು ದಾಟಿ ಘಾಟಿ ಹತ್ತೋ ಮುಂಚೆ ಸೇತುವೆ ಹತ್ರ ಎಡಕ್ಕೊಂದು ಮಣ್ಣಿನ ದಾರಿ ಇದೆ. ಅಲ್ಲಿ ಸ್ವಲ್ಪ ತಿರುಗಿಸಿ. ತಾತಂಗೆ ಇಳೀಬೇಕಂತೆ."

ತಾತ ಇಳಿಯಬೇಕು ಎಂದಿರಲಿಲ್ಲ. ತಾತ ರೊಟ್ಟಿಯ ಪುಡಿಯನ್ನು ಗಡ್ಡದಿಂದ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಹಾಡು, ಕಿಟಕಿ, ಮಗುವಿನ ಹೆಂಗಸು, ತಲೆದಿಂಬು. ನಾಲ್ಕು ಸಲ ಹೂಂ ಅಂದಿದ್ದಾಳೆ. ನಾಲ್ಕೂ ಸಲ ತಾತನಿಗೋಸ್ಕರ ಇಲ್ಲವೇ ಪಾಪದ ಹೊಟ್ಟೆತೊಳಸಿಗೋಸ್ಕರ. ಅವಳಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಹೆದರಿಕೆಗೆ ಒಂದು ಗಳಿಗೆ ಜಾಗವೇ ಸಿಗಲಿಲ್ಲ. ಅದು ಒಳ್ಳೆಯದೇ ಆಯಿತು.

"ಆಯ್ತು ತಮ್ಮಾ," ಅಂದಳು. "ಸೇತುವೆ ಹತ್ರ ಖಂಡಿತ ನಿಲ್ಲಿಸ್ತೀನಿ. ಆದ್ರೆ ಇಂಜಿನ್ ಕಾದಿದೆ, ವಾಸನೆ ಬರ್ತಿಲ್ವಾ? ಸಾರಿಬುಲಾಕಲ್ಲಿ ಒಂದು ಬಕೆಟ್ ನೀರು ಹಾಕ್ದೆ ಇದ್ರೆ ಸೇತುವೆ ತನಕ ಗಾಡಿ ಬರಲ್ಲ. ಅಲ್ಲೇ ದಾರಿ ಮಧ್ಯೆ ನಿಂತ್ರೆ ನಿಮಗೂ ಕಷ್ಟ, ನಂಗೂ ಕಷ್ಟ."

ಹಿಂದೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೂ ಓಡುವ ಕಾರೇ ಬೇಕಾಗಿತ್ತು.

"ಎರಡು ನಿಮಿಷ," ಅಂದ ತೆಳ್ಳಗಿನವನು.

"ಎರಡೇ ನಿಮಿಷ."

ಸಾರಿಬುಲಾಕ್ ಅಂದರೆ ರಸ್ತೆಯ ಎರಡೂ ಕಡೆ ಚಕ್ರ ಕಳಚಿದ, ಕೋಣೆಯಷ್ಟು ದೊಡ್ಡ ಹಳೆಯ ಗಾಡಿಡಬ್ಬಿಗಳಲ್ಲಿ ಹೆಂಗಸರು ನಡೆಸುವ ಊಟದಂಗಡಿಗಳ ಸಾಲು. ಸೋನುನ್ ಎಂಬವಳ ಡಬ್ಬಿಯ ಮುಂದೆ ನಾಲ್ಕು ಲಾರಿಗಳು ನಿಂತಿದ್ದವು. ಡ್ರೈವರುಗಳು ಬೆಂಚಿನ ಮೇಲೆ ಕೂತು ಹಬೆಯಲ್ಲಿ ಬೇಯಿಸಿದ ಕುರಿಮಾಂಸದ ಸುರುಳಿ ತಿನ್ನುತ್ತಿದ್ದರು. ಅನಿಪಾ ಕಾರನ್ನು ರಸ್ತೆಬದಿಗೆ ನಿಲ್ಲಿಸಲಿಲ್ಲ. ನೇರವಾಗಿ ಒಳಗೆ ನುಗ್ಗಿಸಿ, ಮೂತಿ ಊಟದ ಮೇಜಿಗೆ ಒಂದು ಗೇಣು ಇರುವಾಗ ಬ್ರೇಕ್ ಒತ್ತಿದಳು. ಚಹಾದ ಬಟ್ಟಲುಗಳು ಅಲ್ಲಾಡಿದವು. ಯಾರೋ ಬೈದರು. ಬೈಗುಳ ಅಷ್ಟು ಹಿತವಾಗಿ ಅವಳಿಗೆ ಯಾವತ್ತೂ ಕೇಳಿರಲಿಲ್ಲ.

ಬೀಗದ ಕೈ ಕಿತ್ತುಕೊಂಡು ಇಳಿದಳು. ಮೂರು ಹೆಜ್ಜೆ ಹಾಕಿದರೆ ಸೋನುನಳ ಡಬ್ಬಿಯ ಬಾಗಿಲು. ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಮುಗಿಯಿತು, ಪಾಠದಲ್ಲಿ ಇದ್ದದ್ದು ಅಷ್ಟೇ. ಇಳಿದು ಓಡು. ಕಾರು ತಗಡು.

ಆದರೆ ಕಾರಿನಲ್ಲಿ ಎಸೆನ್‌ಕುಲ್ ತಾತ ಇದ್ದ. ಬೆಲ್ಟು ಬಿಗಿದು, ಶಾಲು ಹೊದ್ದು, ಒಂದೇ ಕಣ್ಣಲ್ಲಿ ಲಾರಿಗಳನ್ನು ನೋಡುತ್ತಾ ಖುಷಿಯಾಗಿ ಕೂತಿದ್ದ. ತಾತ ತಗಡಾಗಿರಲಿಲ್ಲ.

ಅವಳು ಕಾರಿನ ಮುಂದಿನಿಂದ ಸುತ್ತಿ ಬಂದು ಅವನ ಕಡೆಯ ಬಾಗಿಲು ತೆರೆದಳು. "ಇಳೀರಿ ತಾತ, ಬಿಸಿಬಿಸಿ ಊಟ ಇದೆ."

ಹಿಂದಿನಿಂದ ಕರಿ ಜಾಕೆಟ್‌ನವನ ಕೈ ಮುದುಕನ ಭುಜದ ಮೇಲೆ ಬಂತು. "ತಾತ ಇಲ್ಲೇ ಇರ್ತಾರೆ. ನೀವು ನೀರು ಹಾಕಿ."

ಕಳ್ಳರು ಎಂದು ಕೂಗಬಹುದಿತ್ತು. ಕೂಗಿದರೆ ಆ ಕೈ ಭುಜದಿಂದ ಕತ್ತಿಗೆ ಬರಲು ಎಷ್ಟು ಹೊತ್ತು? ಅನಿಪಾ ಬೆನ್ನು ತಿರುಗಿಸಿ, ಶಿಶುವಿಹಾರದಲ್ಲಿ ಅರವತ್ತು ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದ ಗಂಟಲಲ್ಲಿ ಕೂಗಿದಳು.

"ಅಣ್ಣಂದಿರಾ! ಅಟ್ಬಾಶಿಯ ಎಸೆನ್‌ಕುಲ್ ತಾತ ಬಂದಿದ್ದಾರೆ! ಕಣ್ಣು ಕಾಣಲ್ಲ, ಯಾರಾದ್ರೂ ಇಳಿಸ್ಕೊಳ್ಳಿ! ಹರಸಿ ಹೋಗ್ತಾರಂತೆ!"

ನಾಲ್ವರೂ ಎದ್ದರು. ಏಳದೆ ಏನು ಮಾಡುತ್ತಾರೆ? ಬಾಗಿಲು ತೆರೆದು ಹಿರಿಯರು ಕೂತಿರುವಾಗ ತಿನ್ನುತ್ತಾ ಕೂರಲು ಅವರ ತಾಯಂದಿರು ಕಲಿಸಿರಲಿಲ್ಲ. ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚಿ, "ಸಲಾಂ ತಾತ, ಚೆನ್ನಾಗಿದ್ದೀರಾ ತಾತ" ಎನ್ನುತ್ತಾ ಕಾರನ್ನು ಮುತ್ತಿಕೊಂಡರು. ಒಬ್ಬನ ತೋಳು ಜಪಾರ್‌ನ ತೊಡೆಯಷ್ಟು ದಪ್ಪ. ಅವನು ಬೆಲ್ಟು ಬಿಚ್ಚಿದ, ಇನ್ನೊಬ್ಬ ಕೈ ಕೊಟ್ಟ, ಮುದುಕ ಕುರಿಮರಿ ಎತ್ತಿದ ಹಾಗೆ ಹೊರಗೆ ಬಂದ. ಭುಜದ ಮೇಲಿದ್ದ ಕೈ ಯಾವಾಗ ಜಾರಿತೋ ಯಾರೂ ನೋಡಲಿಲ್ಲ.

ಡ್ರೈವರ್ ಸೀಟಿನ ಕಡೆಯ ಹಿಂದಿನ ಬಾಗಿಲು ತೆರೆದುಕೊಂಡಿತು. ಇಬ್ಬರೂ ಇಳಿದು, ಓಡದೆ, ತಲೆ ತಗ್ಗಿಸಿ ಬಿರುಸಾಗಿ ನಡೆದು, ರಸ್ತೆ ದಾಟಿ ಕೊಚ್ಕೋರ್ ಕಡೆಗೆ ಹೋಗುತ್ತಿದ್ದ ಒಂದು ವ್ಯಾನಿಗೆ ಕೈ ಮಾಡಿದರು. ವ್ಯಾನು ನಿಂತಿತು. ಅವರ ಕಥೆ ಅವಳಿಗೆ ಗೊತ್ತಾದದ್ದು ಅಲ್ಲಿಯವರೆಗೆ ಮಾತ್ರ. ಆಮೇಲೆ ಬಂದ ಪೊಲೀಸರು ಎಲ್ಲ ಬರೆದುಕೊಂಡು ಹೋದರು, ಅಷ್ಟೇ.

"ಒಳ್ಳೇ ಹುಡುಗರು," ಅಂದ ಎಸೆನ್‌ಕುಲ್ ತಾತ, ಸುತ್ತ ನೋಡುತ್ತಾ. "ಊಟ ಮಾಡ್ದೆ ಹೋಗ್ಬಿಟ್ರಲ್ಲ."

ದಪ್ಪ ತೋಳಿನ ಲಾರಿ ಡ್ರೈವರು ಬೋರಲು ಬಿದ್ದಿದ್ದ ರೊಟ್ಟಿಯ ಚೂರು ಎತ್ತಲು ಹಿಂದಿನ ಸೀಟಿಗೆ ಬಗ್ಗಿದ. ರೊಟ್ಟಿಯ ಜೊತೆ ಇನ್ನೊಂದು ವಸ್ತು ಅವನ ಕೈಗೆ ಬಂತು. ಎರಡು ಗೇಣು ಉದ್ದದ ತೆಳ್ಳನೆಯ ಉಕ್ಕಿನ ತಂತಿ, ಎರಡು ತುದಿಗೂ ಮರದ ಹಿಡಿ. ಅವನು ಅದನ್ನು ನೋಡಿದ, ತಲೆದಿಂಬಿಲ್ಲದ ಡ್ರೈವರ್ ಸೀಟನ್ನು ನೋಡಿದ, ಅನಿಪಾಳನ್ನು ನೋಡಿದ.

ಸೋನುನ್ ಅವಳನ್ನು ಡಬ್ಬಿಯ ಮೆಟ್ಟಿಲ ಮೇಲೆ ಕೂರಿಸಿ, ಬಾಯಿಗೆ ಚಹಾ ಹಿಡಿದು, ಅಳು, ಅಳು ಎಂದಳು. ಅನಿಪಾ ಅತ್ತಳು. ತಾತನಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಪೊಲೀಸರು ಬಂದು ಹೋದ ಮೇಲೆ ಅವನನ್ನು ಮತ್ತೆ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡು, ಘಾಟಿ ದಾಟಿ, ನಾರಿನ್ ಆಚೆಯ ಅಟ್ಬಾಶಿಯ ತನಕ ಹೋಗಿ ಮನೆಯ ಬಾಗಿಲಿಗೇ ಬಿಟ್ಟು ಬಂದಳು.

ಮರುದಿನ ಬೆಳಿಗ್ಗೆ ಜಪಾರ್‌ನ ಅಂಗಳಕ್ಕೆ ಕಾರು ತಂದು ನಿಲ್ಲಿಸಿದಳು. ಅವನು ಸೌದೆ ಸೀಳುತ್ತಿದ್ದ. ಅನಿಪಾ ಒಂದೂ ಬಿಡದೆ ಹೇಳಿದಳು. ಖಾಲಿ ಸೀಟಿನ ದುಡ್ಡು ಅಂದಾಗ ಅವನು ಕೊಡಲಿ ಕೆಳಗಿಟ್ಟ. ಮುಂದಿನ ಸೀಟಿನಲ್ಲಿ ಮುದುಕನನ್ನು ಕೂರಿಸಿಕೊಂಡೆ ಅಂದಾಗ ಸೌದೆಯ ರಾಶಿಯ ಮೇಲೆ ಕೂತ. ಅವನ ಮುಖ ಗಡ್ಡಕ್ಕಿಂತ ಬೆಳ್ಳಗಾಯಿತು.

"ಈ ಆಟ ನಿಂಗೆ ಗೊತ್ತಿತ್ತು," ಅಂದಳು ಅನಿಪಾ. ಕೇಳುವ ಅಗತ್ಯವಿರಲಿಲ್ಲ.

"ಈ ಆಟ ಕಟ್ಟಿದ್ದೇ ನಾನು," ಅಂದ. "ಜೊತೇಲಿ ಬಿಳಿ ಗಡ್ಡ ಇದ್ರೆ ಯಾವ ಡ್ರೈವರೂ ಇಲ್ಲ ಅನ್ನಲ್ಲ. ಬೆನ್ನ ಹಿಂದಿನ ಸೀಟು ತಾನಾಗೇ ಸಿಗತ್ತೆ. ನಾವು ಹೊರಗಿನ ಮುದುಕನ್ನ ಹುಡುಕ್ಲಿಲ್ಲ. ನಮ್ಮಪ್ಪನ್ನೇ ಕೂರಿಸ್ಕೊಂಡು ಹೋದೆ."

"ಅಜ್ಜನ್ನಾ?"

"ಅವರಿಗೆ ಗೊತ್ತಿರ್ಲಿಲ್ಲ. ಮಗ ಪಟ್ಟಣ ತೋರಿಸ್ತಾನೆ ಅಂತ ಹೊಸ ಟೊಪ್ಪಿ ಹಾಕ್ಕೊಂಡು ಬರೋರು. ಎರಡು ಸಲ ಅವರನ್ನ ಕೊಚ್ಕೋರಲ್ಲಿ ನೆಂಟರ ಮನೇಲಿ ಇಳಿಸಿ ಆಮೇಲೆ ನಮ್ಮ ಕೆಲಸ ಮಾಡಿದ್ವಿ. ಮೂರನೇ ಸಲ ಇಳಿಯಲ್ಲ ಅಂದ್ರು, ಮನೆಗೇ ಬರ್ತೀನಿ ಅಂದ್ರು. ಡ್ರೈವರಿಗೆ ಅನುಮಾನ ಬಂದು ನನ್ನ ಗೆಳೆಯನ ಕೈ ಹಿಡ್ಕೊಂಡ. ಚಾಕು ಡ್ರೈವರಿನ ಭುಜಕ್ಕೆ ಇಳೀತು. ಅಪ್ಪ ಪಕ್ಕದಲ್ಲೇ ಕೂತಿದ್ರು, ಎಲ್ಲ ಅವರ ಕಣ್ಣೆದುರೇ ಆಯ್ತು. ಟೊಪ್ಪಿ ತೆಗೆದು ಆ ಮನುಷ್ಯನ ಭುಜಕ್ಕೆ ಒತ್ತಿ ಹಿಡ್ಕೊಂಡ್ರು. ಅವನು ಬದುಕಿದ, ಬಲಗೈ ಮಾತ್ರ ಮೇಲೇಳಲ್ಲ. ಪೊಲೀಸರಿಗೆ ನನ್ನ ಹೆಸರು ಕೊಟ್ಟಿದ್ದು ಅಪ್ಪನೇ. ನಡೆದುಕೊಂಡೇ ಹೋಗಿ ಕೊಟ್ರು. ಆಮೇಲೆ ಕಾರು ಹತ್ತಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ."

ಅನಿಪಾಳಿಗೆ ಕುದುರೆಯ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದ ಅಜ್ಜ ಕಣ್ಣಿಗೆ ಕಟ್ಟಿದ. ನಕ್ಕವರಲ್ಲಿ ಅವಳೂ ಒಬ್ಬಳು. ಸಿಟ್ಟು ಬಂತು, ನಿನ್ನೆ ಆ ಇಬ್ಬರ ಮೇಲೂ ಬರದಷ್ಟು.

"ಹಿರಿಯರು ಬಂದ್ರೆ ಏನು ಮಾಡ್ಲಿ ಅಂತ ಕೇಳಿದ್ದೆ ನಾನು. ಬಾಯಿಬಿಟ್ಟು ಕೇಳಿದ್ದೆ. ಎಲ್ಲ ಹೇಳಿಕೊಟ್ಟು ಇದೊಂದು ಯಾಕೆ ಬಿಟ್ಟೆ?"

"ನಾಚಿಕೆ ಆಯ್ತು ಕಣೆ."

"ನಿನ್ನ ನಾಚಿಕೆ ಉಳಿಸ್ಕೊಳ್ಳಕ್ಕೆ ನನ್ನ ಕುತ್ತಿಗೆ ಬೇಕಿತ್ತಾ ಮಾವ?"

ಜಪಾರ್ ಎದ್ದು ಒಳಗೆ ಹೋದ. ಸೌಟು ತಂದು ಅವಳ ಕೈಗೆ ಕೊಟ್ಟ. ಆಮೇಲೆ ಕಾರಿನ ಹತ್ತಿರ ಹೋಗಿ, ಮುಂದಿನ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಅನಿಪಾ ಅವನನ್ನು ಆ ಜಾಗದಲ್ಲಿ ಎಂದೂ ನೋಡಿರಲಿಲ್ಲ. ಬಾಗಿಲು ತೆರೆದು ಕೂತ. ಬೆಲ್ಟು ಎಳೆದುಕೊಂಡ. ಕೊಂಡಿ ಎರಡು ಸಲ ತಪ್ಪಿತು.

"ಬಾ," ಅಂದ. "ನಾನು ಮುದುಕ. ಹಿಂದೆ ಇಬ್ಬರು ಇದ್ದಾರೆ. ಏನು ಮಾಡ್ತೀಯ?"

ಅವಳಿಗೆ ಬೈಯಬೇಕೆನಿಸಿತು, ಮನೆಗೆ ಹೋಗಿಬಿಡಬೇಕೆನಿಸಿತು. ನಾಳೆ ಮತ್ತೆ ಅದೇ ರಸ್ತೆಯಲ್ಲಿ ಹೋಗಬೇಕಾಗಿರುವುದೂ ನೆನಪಿಗೆ ಬಂತು. ಹೋಗಿ ಸ್ಟೀರಿಂಗಿನ ಮುಂದೆ ಕೂತಳು.

"ತಾತ," ಅಂದಳು, "ತಪ್ಪು ತಿಳ್ಕೋಬೇಡಿ, ಸ್ವಲ್ಪ ಹಿಂದೆ ಕೂತ್ಕೊಳಕ್ಕಾಗತ್ತಾ..." ಬೇಡವೆಂದರೂ ತುಟಿಗೆ ನಗು ಬಂದಿತ್ತು. ಹುಟ್ಟಿದಂದಿನಿಂದ ಹಿರಿಯರ ಮುಂದೆ ನಕ್ಕು ನಕ್ಕು ರೂಢಿಯಾದ ನಗು.

"ಸತ್ತೆ," ಅಂದ ಜಪಾರ್. "ಮತ್ತೆ ಮೊದಲಿಂದ."

"ತಾತ, ದಯವಿಟ್ಟು—"

"ಸತ್ತೆ. ದಯವಿಟ್ಟು ಯಾಕೆ? ಗಾಡಿ ನಿಂದು. ಮತ್ತೆ ಮೊದಲಿಂದ."

ಆರನೆಯ ಸಲಕ್ಕೆ ನಗು ಬಿದ್ದುಹೋಯಿತು. "ತಾತ, ಇಳಿದು ನನ್ನ ಹಿಂದೆ ಕೂತ್ಕೊಳ್ಳಿ," ಅಂದಳು. "ನಿಮ್ಮ ಜೊತೆಯವರಲ್ಲಿ ಒಬ್ಬ ಮುಂದೆ ಬರ್ಲಿ. ಇಲ್ಲಾಂದ್ರೆ ಗಾಡಿ ಹೊರಡಲ್ಲ."

ಜಪಾರ್ ತಲೆಯಾಡಿಸಿದ. ಬೆಲ್ಟು ಬಿಚ್ಚಿ ಇಳಿದು, ಹಿಂದಿನ ಬಾಗಿಲು ತೆರೆದು, ಇಷ್ಟು ವರ್ಷ ಕೂರುತ್ತಿದ್ದ ಜಾಗದಲ್ಲೇ, ಅವಳ ಬೆನ್ನ ಹಿಂದೆ ಕೂತ.

ಅನಿಪಾ ಕೈ ಎತ್ತಿ ಕನ್ನಡಿಯನ್ನು ಕೆಳಕ್ಕೆ ಬಾಗಿಸಿದಳು, ಅವನ ಮುಖವಲ್ಲ, ತೊಡೆ ಕಾಣುವಷ್ಟು. ಅವನಿಗೆ ಅರ್ಥವಾಯಿತು. ಎರಡೂ ಕೈಗಳನ್ನು ಜೇಬಿನಿಂದ ತೆಗೆದು, ಅವಳಿಗೆ ಕಾಣುವ ಹಾಗೆ ಮಂಡಿಯ ಮೇಲೆ ಇಟ್ಟುಕೊಂಡ.